ಅಮ್ಮನ ಕಣ್ಣು, ಮಗಳ ಕಾರ್ಡು

ಸ್ನೇಹಿತರೇ, ಅಂಗಡಿಯಲ್ಲಿ ಎಂಥೆಂಥ ಗಿರಾಕಿಗಳನ್ನೋ ಒಪ್ಪಿಸಿದ ನನಗೆ, ಪೊರೆ ಬಂದ ಕಣ್ಣಿನ ಆಪರೇಷನ್‌ಗೆ ಅಮ್ಮನನ್ನು ಒಪ್ಪಿಸುವುದರಲ್ಲಿ ಸಾಕಾಗಿತ್ತು. ಇವತ್ತು ಬೆಳಿಗ್ಗೆ ಹೊಸನಗರದಿಂದ ಸಾಗರದ ಆಸ್ಪತ್ರೆಗೆ ಹೊರಡುವಾಗ ಮಗಳು ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳ ಕಟ್ಟು ತಂದು, "ಅಜ್ಜಿ, ಧೈರ್ಯಕ್ಕೆ ಒಂದು ಎಳಿ" ಎಂದಳು. ಅಮ್ಮ ಎಳೆದದ್ದು ಕೈಜಾರಿ ನೆಲಕ್ಕೆ ಬಿತ್ತು. ಕುದುರೆಯೇರಿದ ಅಸ್ಥಿಪಂಜರ! ಕೆಳಗೆ ಇಂಗ್ಲಿಷಿನಲ್ಲಿ ‘ಸಾವು’ ಎಂದೇ ಬರೆದಿತ್ತು.

"ಕುದುರೆ ಮೇಲೆ ಯಾರೋ ಕೂತಂಗೆ ಕಾಣ್ತದೆ. ಯಾರೇ ಅದು?"

"ಹಳೇದು ಮುಗಿದು ಹೊಸದು ಶುರುವಾಗತ್ತೆ ಅಂತ ಅದರ ಅರ್ಥ, ಅಜ್ಜಿ" ಮಗಳು ತೊದಲಿದಳು.

"ಆ ಪುರಾಣ ಬ್ಯಾಡ. ಬಲಕ್ಕೆ ಬಿತ್ತಾ, ಎಡಕ್ಕೆ ಬಿತ್ತಾ?"

ದೇವರ ತಲೆಯ ಹೂವು ಬಲಕ್ಕೆ ಬಿದ್ದರೆ ಮಾತ್ರ ಯಾವ ಕೆಲಸಕ್ಕೂ ಹೂಂ ಎನ್ನುವವಳು ಅಮ್ಮ. "ಬಲಕ್ಕೇ ಬಿತ್ತಮ್ಮ" ಎಂದೆ. ಅವಳ ಎದುರು ಕೂತಿದ್ದ ನಾನು, ಅದು ನನ್ನ ಬಲ ಎಂಬುದನ್ನು ಮಾತ್ರ ಹೇಳಲಿಲ್ಲ.

"ಹಂಗಾರೆ ನಡಿ, ಕಾರು ತೆಗಿ."

ಆಪರೇಷನ್ ಚೆನ್ನಾಗಿ ಆಯಿತು. ನಾಳೆ ಪಟ್ಟಿ ಬಿಚ್ಚುತ್ತಾರೆ. ಅಮ್ಮ ಮೊದಲು ನೋಡಬೇಕೆಂದಿರುವುದು ನನ್ನ ಮುಖವನ್ನಲ್ಲ, ತನಗೆ ಧೈರ್ಯ ಕೊಟ್ಟ ಆ ಕುದುರೆ ಸವಾರನನ್ನಂತೆ!