ಅಟ್ಟದ ಕೆಳಗಿನ ದೀಪ ಮತ್ತು ಗುಂಡುಕಲ್ಲು

ಬಿಸಿಲನ್ನೇ ಕಾಣದ ಗಿಡ ಬರೀ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬೆಳೆಯುತ್ತದೆಯೇ? ಎಂಬತ್ತರ ದಶಕದ ಮೊದಲಲ್ಲಿ ಈ ಪ್ರಶ್ನೆ ನನ್ನ ತಲೆ ಹೊಕ್ಕು ಕೂತಿತ್ತು. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಹಂದನಕೆರೆ ಕಡೆಯ ನಮ್ಮ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಎಂದರೆ ಒಂದೇ, ಅದೂ ಕೊಬ್ಬರಿ ಅಟ್ಟದ ಕೆಳಗಿನದು. ಮೆಣಸಿನ ಸಸಿಗಳನ್ನು ಅಲ್ಲಿಟ್ಟು ನೋಡುತ್ತೇನೆ ಎಂದಾಗ ಅತ್ತೆ ಮುಖ ಗಂಟಿಕ್ಕಿದರು.

ಅವರದು ತಪ್ಪಲ್ಲ. ಅಟ್ಟದ ತುಂಬ ಸುಲಿಯದ ಕಾಯಿ. ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು. ಒಂದು ಕಿಡಿ ಹಾರಿದರೆ ವರ್ಷದ ಅನ್ನವೂ ಹೋಯಿತು, ಮನೆಯೂ ಹೋಯಿತು. ಮಾವ ತೀರಿಕೊಂಡ ಮೇಲೆ ಆ ಅಟ್ಟದ ಯಜಮಾನಿಕೆ ಅತ್ತೆಯದೇ. ದೀಪ ಬೆಳಿಗ್ಗೆ ಐದರಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ, ಆಮೇಲೆ ತಾನೇ ಆರುವ ಹಾಗೆ ಟೈಮರ್ ಹಾಕುತ್ತೇನೆ ಎಂದು ಮಾತು ಕೊಟ್ಟೆ. ನಾನು ಬಸ್ಸು ಹಿಡಿದು ಮನೆ ಸೇರುವುದು ಸಂಜೆ. ಅತ್ತೆಯಂತೂ ಸ್ವಿಚ್ಚು ಮುಟ್ಟುವವರಲ್ಲ.

ತಿಪಟೂರಿನ ಅಂಗಡಿಯಲ್ಲಿ ಕರೆಂಟಿನಿಂದಲೇ ಓಡುವ ಟೈಮರ್ ತೋರಿಸಿದರು. ಕರೆಂಟು ಹೋದರೆ ಅದೂ ನಿಲ್ಲುತ್ತದಂತೆ, ಬಂದ ಮೇಲೆ ಅಷ್ಟು ಹೊತ್ತು ಹಿಂದೆಯೇ ಓಡುತ್ತದಂತೆ. ದಿನಕ್ಕೆ ನಾಲ್ಕು ಸಲ ಕರೆಂಟು ಕೈಕೊಡುವ ಊರಿಗೆ ಇದೆಂಥ ಟೈಮರ್ ಎಂದು ಎದ್ದು ಬಂದೆ. ಮನೆಯಲ್ಲಿ ಕೀಲಿ ಕೊಡುವ ಅಲಾರಂ ಗಡಿಯಾರ ಇತ್ತಲ್ಲ! ಅಲಾರಂ ಹೊಡೆಯುವಾಗ ಹಿಂದಿನ ಕೀಲಿ ತಿರುಗುತ್ತದೆ. ಅದಕ್ಕೆ ದಾರ ಕಟ್ಟಿ, ದಾರ ಎಳೆದಾಗ ಸ್ವಿಚ್ಚು ಆಫ್ ಆಗುವಂತೆ ಮಾಡಿದೆ. ಬಿ.ಎಸ್ಸಿ. ಓದಿದ್ದಕ್ಕೂ ಸಾರ್ಥಕವಾಯಿತೆಂದು ಬೀಗಿದೆ.

ಅತ್ತೆ ಗಡಿಯಾರವನ್ನು ನೋಡಲೇ ಇಲ್ಲ, ದಾರವನ್ನು ನೋಡಿದರು.

"ಅಲ್ಲ ಕಣಮ್ಮ, ಇಲಿ ಈ ದಾರ ಕಡುದ್ರೆ ದೀಪ ಆರ್ತದೋ, ಉರೀತಾನೇ ಇರ್ತದೋ?"

ಉರಿಯುತ್ತಲೇ ಇರುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲವಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಆಮೇಲೆ ಅದೇ ಪ್ರಶ್ನೆಯ ರುಚಿ ಹತ್ತಿತು. ಯಂತ್ರ ಕೆಡುತ್ತದೋ ಇಲ್ಲವೋ ಎಂದು ಕೇಳಿ ಪ್ರಯೋಜನವಿಲ್ಲ, ಕೆಟ್ಟರೆ ಯಾವ ಕಡೆಗೆ ಕೆಡುತ್ತದೆ ಎಂದು ಕೇಳಬೇಕು. ಕೆಳಗೆಳೆದರೆ ಆಫ್ ಆಗುವಂತೆ ಸ್ವಿಚ್ಚನ್ನು ತಲೆಕೆಳಗಾಗಿ ಕೂರಿಸಿ, ಅದಕ್ಕೆ ಕಲ್ಲು ಕಟ್ಟಿದೆವು. ಕಲ್ಲು ಬಿದ್ದರೆ ದೀಪ ಆಫ್. ಅದನ್ನು ಬೀಳದಂತೆ ಹಿಡಿದಿಡುವುದಷ್ಟೇ ದಾರದ ಕೆಲಸ. ಅಲಾರಂ ಹೊಡೆದು ಕೀಲಿ ತಿರುಗಿದರೆ ದಾರದ ಕುಣಿಕೆ ಜಾರುತ್ತದೆ, ಕಲ್ಲು ಬೀಳುತ್ತದೆ. ಇಲಿ ಕಡಿದರೂ ಕಲ್ಲೇ ಬೀಳುತ್ತದೆ. ತೋಟದಿಂದ ಗುಂಡುಕಲ್ಲು ಆರಿಸಿ ತಂದವರು ಅತ್ತೆ. ಕುಡುಗೋಲಿನಿಂದ ದಾರ ಕೊಯ್ದು ಪರೀಕ್ಷೆ ಮಾಡಿದವರೂ ಅವರೇ. ಕಲ್ಲು ದಬ್ಬೆಂದಿತು, ದೀಪ ಆರಿತು.

ಸಸಿಗಳು ಬಿಳಿಚಿಕೊಂಡೇ ಉದ್ದವಾದವು. ದಿನಾ ಸ್ಕೇಲು ಹಿಡಿದು ಅಳೆಯುವುದು, ಎಲೆ ಎಣಿಸುವುದು ನನಗೆ ಹುಚ್ಚಾಗಿಬಿಟ್ಟಿತು.

ಒಂದು ಸಂಜೆ ಬಂದಾಗ ಅತ್ತೆ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು, ತೊಡೆಯ ಮೇಲೆ ಕುಡುಗೋಲು. ಒಳಗೆ ದೀಪ ಆರಿತ್ತು, ದಾರ ತುಂಡಾಗಿತ್ತು. ಗಡಿಯಾರ ಹನ್ನೊಂದೂವರೆಗೇ ನಿಂತುಹೋಗಿತ್ತು. ಬೆಳಿಗ್ಗೆ ಹೊಸ ಎಲೆ ಕಂಡ ಸಂಭ್ರಮದಲ್ಲಿ ಅಲಾರಂ ಕೀಲಿ ಕೊಟ್ಟು, ಗಡಿಯಾರ ಓಡಿಸುವ ಕೀಲಿಯನ್ನೇ ಮರೆತಿದ್ದೆ. ಟ್ಯೂಬ್‌ಲೈಟಿನ ಚೋಕು ಮುಟ್ಟಿ ನೋಡಿದೆ, ಇನ್ನೂ ಬಿಸಿಯಿತ್ತು.

"ದನ ಕಟ್ಟೋ ಹೊತ್ತಾದ್ರೂ ದಬ್ ಅನ್ಲಿಲ್ಲ," ಎಂದರು ಅತ್ತೆ. "ಗಡಿಯಾರವೇ ನಿಂತೋದ್ರೆ ಅಂತ ನಾನೂ ಕೇಳ್ಲಿಲ್ಲ, ನೀನೂ ಹೇಳ್ಲಿಲ್ಲ."

ನಾಳೆಯೇ ಸಸಿಗಳನ್ನೆಲ್ಲ ಎತ್ತಿ ಹೊರಗಿಡುತ್ತೇನೆ ಎಂದೆ. ಅಳು ಬಂದಿತ್ತು. ಅತ್ತೆ ಒಳಗೆ ಬಗ್ಗಿ ನೋಡಿದರು.

"ಬುಡು, ಅವೇನ್ ಮಾಡಿದ್ವು ಪಾಪ. ನಾಳೆಯಿಂದ ಎರಡು ಕೀಲೀನೂ ನಾನೇ ಕೊಡ್ತೀನಿ. ನೀನು ಎಲೆ ಎಣಿಸ್ಕ."

ಹೇಳಿದಂತೆಯೇ ಕೀಲಿ ಕೊಟ್ಟರು. ಆದರೂ ಗಿಡ ಹೂ ಬಿಡುವವರೆಗೆ ಪ್ರತಿದಿನ ಮಧ್ಯಾಹ್ನ ಮೂರಕ್ಕೆ ಕುಡುಗೋಲು ಹಿಡಿದು ಆ ಹೊಸ್ತಿಲ ಮೇಲೆ ಕೂತೇ ಇರುತ್ತಿದ್ದರು.