ಅವ್ವ ಕರೆದ ಕಾಗದ

ಸತ್ತವರು ಆಮಂತ್ರಣ ಕಳಿಸುತ್ತಾರೆಯೇ? ಹೋದ ತಿಂಗಳು ಒಬ್ಬ ತಾಯಿ ಕಳಿಸಿದಳು. ಒಪ್ಪಿಗೆಯ ಸಹಿ ಹಾಕಿದವನು ನಾನೇ.

ನಗಬೇಡಿ. ನನಗಂತೂ ಇನ್ನೂ ನಗು ಬಂದಿಲ್ಲ.

ಈ ಅಂಕಣ ಅಚ್ಚಾಗುವ ಗೋಕಾಕದ ಪ್ರೆಸ್ಸಿಗೆ, ನಮ್ಮ ಸೀಮೆ ಮೈಸೂರು ರಾಜ್ಯ ಸೇರಿದ ಮೇಲೆ ಕನ್ನಡದ ಕೆಲಸ ಹೆಚ್ಚಾಗಿದೆ. ಪ್ರೂಫ್ ನೋಡುವವರು ಗುರಪ್ಪ ಮಾಸ್ತರರು. ಲಗ್ನಪತ್ರಿಕೆಯನ್ನೂ ಮೂರು ಸಲ ಓದುವ ಮನುಷ್ಯ. “ಮಾಸ್ತರ, ಅದೇನ್ ಪುರಾಣ ಏನ್ರಿ?” ಎಂದು ನಾನು ಕಾಡುತ್ತಿದ್ದೆ.

“ಬರದಾಂವ ತಾ ಬರದದ್ದನ್ನ ಓದ್ತಾನ. ನಾ ಅಚ್ಚಾದದ್ದನ್ನ ಓದ್ತೀನಿ” ಎನ್ನುತ್ತಿದ್ದರು. (ಬರೀ ಜಂಬ ಎಂದುಕೊಂಡಿದ್ದೆ.)

ಆ ದಿನ ಮಾಸ್ತರರಿಗೆ ಜ್ವರ. ಅವರ ಬದಲು ಪ್ರೂಫ್ ನೋಡಲು ನಾನೇ ಕೂತಿದ್ದೆ. ಕುಲಗೋಡದ ಶಿವಪ್ಪ ಎಂಬ ರೈತನ ತಾಯಿ ತೀರಿಕೊಂಡಿದ್ದಳು. ಶಿವಗಣಾರಾಧನೆಗೆ ಬಂಧುಗಳನ್ನು ಕರೆಯಲು ಕಾರ್ಡು ಬೇಕಿತ್ತು. ಇಂಥ ಕಾರ್ಡಿನ ಅಚ್ಚುಮೊಳೆಗಳನ್ನು ಪ್ರೆಸ್ಸಿನವರು ಜೋಡಿಸಿ, ದಾರ ಕಟ್ಟಿ ಇಟ್ಟೇ ಇರುತ್ತಾರೆ. ಸಾವಿನ ಮಾತು ಎಲ್ಲರಿಗೂ ಒಂದೇ ತಾನೆ? ಮೇಲೆ ಸತ್ತವರ ಹೆಸರು, ಕೆಳಗೆ ಕರೆಯುವವರ ಹೆಸರು. ಆ ಎರಡು ಸಾಲು ಬದಲಿಸಿದರೆ ಕೆಲಸ ಮುಗಿಯಿತು. ಕಂಪೋಜಿಟರ್ ಹಸಿ ಪ್ರೂಫ್ ತಂದು ಹಿಡಿದ. ಎರಡೂ ಹೆಸರು ಕಂಡವು. “ಹೊಡೀರಿ” ಎಂದು ಸಹಿ ಹಾಕಿದೆ. ಕಾರ್ಡುಗಳು ಪ್ರೆಸ್ಸಿನಿಂದಲೇ ಅಂಚೆಗೆ ಹೋದವು.

ಹೆಸರುಗಳು ಇದ್ದದ್ದು ನಿಜ. ಆದರೆ ಮೇಲಿನದು ಕೆಳಗಿತ್ತು, ಕೆಳಗಿನದು ಮೇಲಿತ್ತು. ಮಗ ಲಿಂಗೈಕ್ಯನಾಗಿದ್ದಾನೆ, ಆರಾಧನೆಗೆ ದಯಮಾಡಿ ಬರ್ರಿ ಎಂದು, ಮಣ್ಣಿಗಿಟ್ಟ ತಾಯಿಯೇ ಊರೂರಿಗೆ ಬರೆದಂತಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಶಿವಪ್ಪ ಬಂದ. ಕೈಯಲ್ಲಿ ಒಂದು ಕಾರ್ಡು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

“ನೀವು ಇದನ್ನ ಓದೀರೇನ್ರಿ?”

“ಓದೀನಿ” ಎಂದು ಸುಳ್ಳು ಹೇಳಿದೆ.

“ಓದಿ ನಿಮಗ ಖರೆ ಅನಿಸ್ತೇನ್ರಿ?”

ಅಂದೇ ತಿದ್ದಿದ ಕಾರ್ಡು ಹೊಡೆಸಿ ಕಳಿಸಿದೆವು. ಅದೇ ಕರಿ ಅಂಚು, ಅದೇ ಊರಿನ ಅಂಚೆ ಮುದ್ರೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಸಾವಿನ ಕಾಗದವನ್ನು ಹೊಸ್ತಿಲಾಚೆಯೇ ಓದಿ, ಹರಿದು ಚೆಲ್ಲಿ, ತಲೆಗೆ ನೀರು ಹಾಕಿಕೊಳ್ಳುತ್ತೇವೆ. (ಸೂತಕವೇ ಇಲ್ಲ ಎಂದು ವಾದಿಸುವವರೂ ಹರಿಯುವುದನ್ನು ಬಿಡುವುದಿಲ್ಲ.) ಅದೇ ಮನೆಯಿಂದ ಎರಡನೆಯ ಕರಿ ಕಾಗದ ಬಂದರೆ ಯಾರು ಓದುತ್ತಾರೆ? ಕಣ್ಣಾಡಿಸದೆಯೇ ಹರಿದರು. ನೆಂಟರಿರುವ ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಶಿವಪ್ಪ ಸತ್ತೇ ಉಳಿದ.

ಆರಾಧನೆಯ ದಿನ ತಪ್ಪೊಪ್ಪಿಕೊಳ್ಳಲು ನಾನೂ ಕುಲಗೋಡಕ್ಕೆ ಹೋದೆ. ಹಾಡುಹಗಲು. ದಡ್ಡಿ ಎಂಬ ಊರಿನಿಂದ ಬಂದ ನೆಂಟರು ಅಂಗಳದಲ್ಲಿ ಶಿವಪ್ಪನನ್ನು ಕಂಡು ನಿಂತಲ್ಲೇ ನಿಂತರು. ಘೋಡಗೇರಿಯ ಚಿಕ್ಕವ್ವ, ಸತ್ತವಳ ತಂಗಿ, ಮುಂದೆ ಬಂದಳು. ಆಕೆಗೆ ಕಣ್ಣು ಮಂಜು. ಅವನ ಗದ್ದ, ಮೂಗು, ಹಣೆ ಸವರಿ ನೋಡಿದಳು.

“ಚಿಕ್ಕವ್ವಾ, ನಾ ಅದೇನಿ. ಹೋದಾಕಿ ಅವ್ವ.”

“ಅಕ್ಕ ಹೋಗಿದ್ರ ಕಾಗದ ಯಾರು ಬರದ್ರು? ಓದಿಸಿ ಕೇಳೀನಿ ನಾ.” ಕೈ ಹಿಂದೆಳೆದು ಸೆರಗಿಗೆ ಒರೆಸಿಕೊಂಡಳು. “ಆಕಿ ಕರದಾಳಂದ್ರ ಹೋಗಬೇಕಪಾ.”

ನಾನು ನಡುವೆ ಬಾಯಿ ಹಾಕಿದೆ. “ತಪ್ಪು ನಂದು, ಯವ್ವಾ!”

“ನೀವ್ಯಾರ್ರಿ? ಕಾಗದದಾಗ ನಿಮ್ಮ ಹೆಸರ ಇರಲಿಲ್ಲ.”

ಅಂದಿನಿಂದ ಶಿವಪ್ಪ ವಾರಕ್ಕೊಮ್ಮೆ ಕುಲಗೋಡದ ಬಸ್ಸು ಹಿಡಿದು ಪ್ರೆಸ್ಸಿಗೆ ಬರುತ್ತಾನೆ. ಒಳಗೆ ಬರುವುದಿಲ್ಲ. ಹೊಸ್ತಿಲಾಚೆ ನಿಂತು ಕೇಳುತ್ತಾನೆ: “ಮಾಸ್ತರ, ಈ ವಾರ ನಾ ಎಲ್ಲೂ ಇಲ್ಲಲ್ರಿ?” ಮಾಸ್ತರರು ಆ ವಾರದ ಪ್ರೂಫುಗಳನ್ನು ಒಂದೊಂದೇ ಹಾಳೆ ಓದಿ ಹೇಳುತ್ತಾರೆ. ಅವನು ವಾರದಿಂದ ವಾರಕ್ಕೆ ಸೊರಗುತ್ತಿದ್ದಾನೆ. ನನಗೆ ಹೆದರಿಕೆಯಾಗುತ್ತದೆ. ಮಾಸ್ತರರಿಗೆ ಮತ್ತೆ ಜ್ವರ ಬಂದರೆ?

ಇದನ್ನು ಬರೆಯಲೇ ಎಂದು ಅವನನ್ನೇ ಕೇಳಿದೆ. “ಬರೀರಿ. ನನ್ನ ಹೆಸರು ಹಾಕ್ರಿ. ಅವ್ವನ ಹೆಸರು ಮಾತ್ರ ಬ್ಯಾಡ್ರಿ. ಮತ್ತ ಕರದಾಳು” ಎಂದ.

ಈ ಅಂಕಣವನ್ನು ಮಾಸ್ತರರು ಮೂರು ಸಲ ಓದಿದ್ದಾರೆ, ನಾನು ನಾಲ್ಕು ಸಲ. ಆಕೆಯ ಹೆಸರು ಎಲ್ಲೂ ಇಲ್ಲ ತಾನೆ? ಕರೆಯುವವರ ಹೆಸರು ಬೀಳುವ ಆ ಕೆಳಗಿನ ಸಾಲನ್ನು ನೀವೂ ಒಮ್ಮೆ ನೋಡುತ್ತೀರಾ?