ಬಾನೆಟ್ಟಿನ ಮೇಲಿನ ಕುಂಕುಮ

ನನ್ನ ಭಾವನವರು, ಅಂದರೆ ಅಕ್ಕನ ಯಜಮಾನರು, ತಮ್ಮ ಬಿಳಿ ಕಾರನ್ನು ಎಷ್ಟು ವರ್ಷ ಓಡಿಸಿದರೋ ಅಷ್ಟು ವರ್ಷವೂ ಅದರ ಎಡಗಡೆಯ ಸೀಟಿನಲ್ಲಿ ನಾನು ಕೂತಿದ್ದೇನೆ. ಕೂತು ಸುಮ್ಮನಿದ್ದೆ ಎಂದಲ್ಲ. "ಭಾವ, ಬಸ್ಸು", "ಭಾವ, ಹಂಪು", "ಭಾವ, ಅದು ಒನ್‌ವೇ" ಎಂದು ಅನುಕ್ಷಣವೂ ಎಚ್ಚರಿಸುವ ಗುರುತರವಾದ ಹೊಣೆಯನ್ನು, ಯಾರೂ ಕೊಡದಿದ್ದರೂ, ಹೊತ್ತುಕೊಂಡಿದ್ದೆ. ಒಮ್ಮೆ ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲಿನಲ್ಲಿ ಅವರು ರೋಸಿಹೋಗಿ, "ಲೋ, ನಂಗೆ ಕಣ್ಣು ಮಂಜಾದ್ಮೇಲೆ ನೀನೇ ಓಡ್ಸು. ನಾನು ಆ ಸೀಟಲ್ಲಿ ಕೂತ್ಕೊಂಡು ನಿನ್ ತಲೆ ತಿಂತೀನಿ. ಬಡ್ಡಿ ಸಮೇತ!" ಎಂದರು. ತಮಾಷೆಗೆ ಆಡಿದ ಮಾತು. ನಾನು ಮಾತ್ರ ಅದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಕರಾರಿನಂತೆ ಮನಸ್ಸಿನಲ್ಲಿ ಭದ್ರಪಡಿಸಿಕೊಂಡೆ.

ಕಣ್ಣು ನಿಜವಾಗಿಯೂ ಮಂಜಾಯಿತು. ಆಪರೇಷನ್ನಿಗೆ ಬಗ್ಗುವ ಜಾತಿಯ ಮಂಜಲ್ಲ, ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ಬನಶಂಕರಿ ಮೂರನೇ ಹಂತದ ಅವರ ಮನೆಯ ಮುಂದೆ, ಹೊಂಗೆ ಮರದ ಕೆಳಗೆ, ಕಾರು ನಿಂತಲ್ಲೇ ನಿಂತಿತು. ನಾನು ಜಯನಗರದಿಂದ ಹೋಗಿ ಕರಾರನ್ನು ನೆನಪಿಸಿದೆ.

"ಭಾವ, ಇನ್ಮೇಲೆ ನಾನ್ ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತ್ಕೊಳಿ."

ಅವರು ಕಾರಿನ ಬಾಗಿಲ ಮೇಲೆ ಬೆರಳಾಡಿಸಿದರು. "ಮೊದ್ಲು ಇದನ್ನ ನೋಡು. ಮೈತುಂಬ ಗೀರು. ಇಂಥ ಗಾಡೀಲಿ ಎಡಗಡೆ ಕೂತ್ಕೊಂಡು ಜಯನಗರಕ್ಕೆ ಬರ್ಲೇನೋ? ಎಲ್ಲಾ ಸರಿಮಾಡು. ಆಮೇಲೆ ನೋಡೋಣ."

"ಗ್ಯಾರೇಜಿಗೆ ಬಿಡೋಣ."

"ಗ್ಯಾರೇಜಿನೋರು ಒಂದ್ ಗೀರಿಗೆ ಇಡೀ ಬಾಗಿಲು ಪೇಂಟ್ ಹೊಡೀತಾರೆ, ಶೇಡ್ ಕೂಡಲ್ಲ. ನೀನಿದೀಯಲ್ಲ. ರಿಟೈರ್ ಆಗಿ ಮನೇಲಿ ಏನ್ ಕಡಿದು ಗುಡ್ಡೆ ಹಾಕ್ತಿದೀಯ?"

'ಆಮೇಲೆ ನೋಡೋಣ' ಎಂಬುದನ್ನು ನಾನು ಒಪ್ಪಿಗೆಯೆಂದು ತಿಳಿದೆ. ಬಟ್ಟೆ ಅಂಗಡಿ ನಡೆಸಿ ವಯಸ್ಸಾದ ಮನುಷ್ಯ ಆಡುವ 'ಆಮೇಲೆ ನೋಡೋಣ'ಕ್ಕೆ ಏನರ್ಥವೆಂದು ಅವರ ಗಿರಾಕಿಗಳನ್ನು ಕೇಳಿದ್ದರೆ ಹೇಳುತ್ತಿದ್ದರು.

ಹೀಗೆ ಭಾನುವಾರದ ಅನುಷ್ಠಾನ ಆರಂಭವಾಯಿತು. ಬಿಸಿಲೇರುವ ಮೊದಲೇ ಹೋಗಿ, ಶಾಂಪೂ ನೀರಿನಲ್ಲಿ ಕಾರನ್ನು ತೊಳೆಯುವುದು. ಧೂಳಿನ ಒಂದು ಕಣ ಉಳಿದರೂ ಉಜ್ಜುವಾಗ ಅದೇ ಹೊಸ ಗೀರೆಳೆಯುತ್ತದೆ. ಒರೆಸಿದ ಮೇಲೆ ಪ್ರತಿಯೊಂದು ಗೀರಿನ ಮೇಲೂ ಅಡ್ಡಲಾಗಿ ಉಗುರೆಳೆದು ನೋಡಬೇಕು. ಉಗುರು ಜಾರಿದರೆ ಗಾಯ ಮೇಲ್ಪದರದ್ದು, ರಬ್ಬಿಂಗ್ ಕಾಂಪೌಂಡ್ ಎಂಬ ಪೇಸ್ಟ್ ಹಚ್ಚಿ ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಗಾಯ ಆಳದ್ದು. ಅದಕ್ಕೆ ಟಚ್‌ಅಪ್ ಬಣ್ಣವನ್ನು ಸಣ್ಣ ಕುಂಚದ ತುದಿಯಲ್ಲಿ ತುಂಬಿ, ಒಣಗಲು ಬಿಟ್ಟು, ಮುಂದಿನ ವಾರ ಅತಿ ನಯವಾದ ವಾಟರ್ ಪೇಪರನ್ನು, ಅಂದರೆ ಉಪ್ಪುಕಾಗದವನ್ನು, ನೆನೆಸಿಕೊಂಡು ಸಮಮಾಡಿ, ಮತ್ತೆ ಕಾಂಪೌಂಡು, ಮತ್ತೆ ಪಾಲಿಶ್. ಇದಿಷ್ಟೂ ನಾನು ಮೊಬೈಲ್ ನೋಡಿ ಕಲಿತ ವಿದ್ಯೆ. ಮೊದಲ ದಿನ ಹುಮ್ಮಸ್ಸಿನಲ್ಲಿ ಉಜ್ಜಿದ ಕಡೆ ಮಿರುಗುವ ಬದಲು ಸುಣ್ಣ ಬಳಿದಂತೆ ಮಂಕಾಯಿತು. ಆಮೇಲೆ ಕೈ ಪಳಗಿತು.

ಭಾವನವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಧ್ಯಕ್ಷತೆ ವಹಿಸುತ್ತಿದ್ದರು. ಕಣ್ಣು ಕಾಣದಿದ್ದರೂ ಗೀರಿನ ವಂಶಾವಳಿಯೆಲ್ಲ ಅವರಿಗೆ ಬಾಯಿಪಾಠ.

"ಹಿಂದಿನ ಬಾಗ್ಲು, ಹಿಡಿ ಕೆಳಗೆ. ಗಿರಿನಗರದ ಮದುವೇಲಿ ಆಟೋದವನು ಕೊಟ್ಟ ಉಡುಗೊರೆ. ಸಿಕ್ತಾ?"

"ಸಿಕ್ತು ಭಾವ."

"ಬಂಪರ್ ಎಡಗಡೆ, ಅದು ನಿಮ್ಮಕ್ಕ ಡ್ರೈವಿಂಗ್ ಕಲಿತದ್ದು."

ಒಳಗಿನಿಂದ ಅಕ್ಕ, "ಕಲ್ತಿದ್ದಲ್ಲ, ಕಲಿಯೋಕೆ ಬಿಡದೇ ಇದ್ದಿದ್ದು!" ಎನ್ನುತ್ತಿದ್ದಳು. ಕಾಫಿ ಬರುತ್ತಿತ್ತು. ನಾನು ಉಜ್ಜುತ್ತ ಉಜ್ಜುತ್ತ, ಮೊದಲ ಸವಾರಿಗೆ ಎಲ್ಲಿಗೆ ಹೋಗುವುದೆಂದು ಯೋಜಿಸುತ್ತಿದ್ದೆ. ಹುಳಿಮಾವಿನ ಕೆರೆ ಕಡೆ ಹೋಗಿ ಬರೋಣವೇ ಎಂದರೆ ಭಾವನವರು "ಹ್ಞೂಂ" ಎನ್ನುತ್ತಿದ್ದರು. ಆ 'ಹ್ಞೂಂ'ಗಳನ್ನು ಈಗ ಒಂದೊಂದಾಗಿ ತೆಗೆದು ನೋಡಿದರೆ ಎಲ್ಲವೂ ಟೊಳ್ಳು.

ಕೊನೆಗೆ ಉಳಿದದ್ದು ಬಾನೆಟ್ಟು. ಪ್ರತಿ ಆಯುಧಪೂಜೆಗೂ ಭಾವನವರು ಅದರ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಡುವೆ ನೆನೆಸಿದ ಕುಂಕುಮ ಇಡುತ್ತಿದ್ದರು. ಅದನ್ನು ಒರೆಸುವ ಹಕ್ಕು ಯಾರಿಗೂ ಇರಲಿಲ್ಲ. ಮಳೆಯೇ ತೊಳೆಯಬೇಕು. ಮಳೆ ವಿಭೂತಿಯನ್ನು ತೊಳೆಯಿತು. ಕುಂಕುಮ ಮಾತ್ರ ಬಿಳಿ ಬಣ್ಣದೊಳಗೆ ಇಳಿದು, ವರ್ಷದ ಮೇಲೆ ವರ್ಷ ಸೇರಿ, ರೂಪಾಯಿಯಗಲದ ಗುಲಾಬಿ ಕಲೆಯಾಗಿ ನಿಂತಿತ್ತು. ಹಿಂದೊಮ್ಮೆ ಕಾರು ತೊಳೆಯಲು ಬಂದವನು ಅದನ್ನು ಸೋಪು ಹಾಕಿ ಉಜ್ಜಲು ಹೋಗಿ, ಭಾವನವರಿಂದ ಬೈಸಿಕೊಂಡು ಬಕೆಟ್ ಬಿಟ್ಟು ಓಡಿದ್ದ. ಹಾಗಾಗಿ ಆ ಕಲೆಯ ಸುತ್ತ ಪ್ರದಕ್ಷಿಣೆ ಹಾಕಿದಂತೆ ಪಾಲಿಶ್ ಮಾಡಿ, "ಇಷ್ಟೇ ಭಾವ. ದೇವರದ್ದು ಹಾಗೇ ಇದೆ," ಎಂದೆ.

ಅವರು ಬಾನೆಟ್ಟಿನ ಕಡೆ ಮುಖ ತಿರುಗಿಸಿದರು. "ಅದನ್ನೂ ತೆಗ್ದ್ಬಿಡು."

"ಕುಂಕುಮಾನಾ?"

"ಕಲೆ ಕಣೋ ಅದು. ಕಲೆ ಕಲೇನೇ."

ಬಾಗಿಲಲ್ಲಿ ನಿಂತಿದ್ದ ಅಕ್ಕ ಏನೋ ಹೇಳಲು ಬಾಯಿ ತೆರೆದು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ನಾನು ಭಾವನವರಿಗೆ ಈ ವಯಸ್ಸಿನಲ್ಲಿ ವೈರಾಗ್ಯ ಪ್ರಾಪ್ತವಾಯಿತೆಂದು ಬಗೆದು, ಭಕ್ತಿಯಿಂದಲೇ ಕಾಂಪೌಂಡ್ ಹಚ್ಚಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಇನ್ನೊಬ್ಬರು ಕೊಳ್ಳುವ ಗಾಡಿಯ ಮೇಲೆ ನಮ್ಮ ಮನೆಯ ಪೂಜೆಯ ಗುರುತು ಇರಬಾರದೆಂಬ ಸರಳ ಸಂಗತಿ ನನ್ನ ತಲೆಗೆ ಹೊಳೆಯಲಿಲ್ಲ.

ಮುಂದಿನ ಭಾನುವಾರ ಕೊನೆಯ ಕೋಟು ವ್ಯಾಕ್ಸ್ ಹಚ್ಚಲು ಡಬ್ಬಿ ಹಿಡಿದು ಹೋದೆ. ಒಬ್ಬ ಯುವಕ, ಅವನ ಹೆಂಡತಿ ಕಾರಿನ ಸುತ್ತ ತಿರುಗುತ್ತಿದ್ದರು. ಭಾವನವರು ಕುರ್ಚಿಯಲ್ಲಿದ್ದರು. ದಾರಿಹೋಕರು ಮೆಚ್ಚಿ ನಿಂತಿದ್ದಾರೆಂದು ನನ್ನ ಎದೆ ಉಬ್ಬಿತು. ಕೇಳದಿದ್ದರೂ ಉಪನ್ಯಾಸ ಶುರುಮಾಡಿದೆ.

"ಇಲ್ನೋಡಿ, ಇಲ್ಲೊಂದು ಗೇಣುದ್ದ ಗೀರಿತ್ತು. ಎಲ್ಲಿತ್ತು ಹುಡುಕಿ ನೋಡೋಣ?"

ಯುವಕ ಬಗ್ಗಿದ. "ಕಾಣಿಸ್ತಿಲ್ಲ ಸಾರ್."

"ಅದೇ ವಿಷಯ! ಹಿಂದಿನ ಬಾಗ್ಲು ಇನ್ನೂ ಕಷ್ಟ ಇತ್ತು. ತಗಡು ಕಾಣೋ ಹಾಗೆ ಆಟೋದವನು ಕೆರೆದಿದ್ದ."

ಭಾವನವರಿಗೆ ಕೆಮ್ಮು ಬಂತು. ನಾನು ಒಳಗಿಂದ ನೀರು ತಂದುಕೊಟ್ಟು ಉಪನ್ಯಾಸ ಮುಂದುವರಿಸಿದೆ. ಬಂಪರಿನ ಇತಿಹಾಸಕ್ಕೆ ಬರುವ ಹೊತ್ತಿಗೆ ಯುವಕನ ಮುಖ ಸಪ್ಪಗಾಗಿತ್ತು.

"ಅಂಕಲ್," ಎಂದು ಅವನು ಭಾವನವರ ಕಡೆ ತಿರುಗಿದ. "ಫೋನಲ್ಲಿ ಒಂದ್ ಗೀರೂ ಬಿದ್ದಿಲ್ಲ ಅಂದ್ರಿ. ಅದನ್ನ ನಂಬ್ಕೊಂಡೇ ತಗೊಳೋಕೆ ಬಂದಿದ್ದು."

ತಗೊಳೋಕೆ. ನನ್ನ ಕೈಯಲ್ಲಿ ವ್ಯಾಕ್ಸಿನ ಡಬ್ಬಿ ಹಾಗೇ ಇತ್ತು.

ಭಾವನವರು ನನ್ನ ಕಡೆ ಮುಖ ತಿರುಗಿಸಲಿಲ್ಲ. "ಬಿದ್ದಿಲ್ಲಪ್ಪ. ಇವ್ರಿಗೆ ಸ್ವಲ್ಪ ಮಾತು ಜಾಸ್ತಿ. ವಾರಕ್ಕೊಂದ್ಸಲ ಬಂದು ಗಾಡಿ ಒರೆಸ್ಕೊಟ್ಟು ಹೋಗ್ತಾರೆ."

ಮದುವೆಯಾಗಿ ಬಂದ ದಿನದಿಂದ ನನ್ನನ್ನು 'ಲೋ' ಎಂದೇ ಕರೆದ ಮನುಷ್ಯ 'ಇವ್ರು' ಎಂದರು. ಅಷ್ಟು ಗೌರವ ನನಗೆ ಆ ಮನೆಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ. ಅದಕ್ಕಿಂತ ನೋವಾದದ್ದು ಮೊದಲ ಮಾತಿನಿಂದ. ಗೀರೇ ಬಿದ್ದಿರಲಿಲ್ಲವಂತೆ. ಹಾಗಾದರೆ ನಾನು ಅಷ್ಟೆಲ್ಲ ಭಾನುವಾರ ಉಜ್ಜಿದ್ದು ಏನನ್ನು? ಕೆಲಸ ಒಂದಿಷ್ಟು ಕೆಟ್ಟಿದ್ದರೆ ಸಾಕ್ಷಿಗಾದರೂ ಏನಾದರೂ ಉಳಿದಿರುತ್ತಿತ್ತು. ಎಷ್ಟು ಚೆನ್ನಾಗಿ ಮಾಡಿದ್ದೆನೆಂದರೆ, ಮಾಡಿಯೇ ಇಲ್ಲ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ.

ನಾನು ವ್ಯಾಕ್ಸಿನ ಡಬ್ಬಿಯ ಮುಚ್ಚಳ ಬಿಗಿದೆ. ಅಪರಿಚಿತರ ಮುಂದೆ ಭಾವನವರ ಮಾತು ಸುಳ್ಳು ಮಾಡುವುದು ನಮ್ಮಲ್ಲಿ ರೂಢಿಯಿಲ್ಲ.

"ಒಂದ್ ರೌಂಡ್ ಓಡಿಸಿ ನೋಡ್ಲಾ ಅಂಕಲ್?"

"ನೋಡಪ್ಪ, ನಾನೂ ಬರ್ತೀನಿ."

ಭಾವನವರು ಎದ್ದು, ಕಾರಿನ ಮೈಯನ್ನು ತಡವಿಕೊಂಡು ಎಡಗಡೆಗೆ ಹೋದರು. ನಾನು ಹೊಳಪು ಕೊಟ್ಟ ಬಾಗಿಲನ್ನು ತೆರೆದು ಎಡಗಡೆಯ ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡರು. ಯುವಕ ಗಾಡಿ ಸ್ಟಾರ್ಟ್ ಮಾಡಿದ. "ಇಟ್ಟಮಡು ಕಡೆ ತಗೊ. ಮುಂದೆ ಹಂಪಿದೆ, ಹುಷಾರು," ಎಂದು ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕಾರು ತಿರುವಿನಲ್ಲಿ ಮರೆಯಾಯಿತು.

ಪಕ್ಕದಲ್ಲಿ ನಿಂತಿದ್ದ ಯುವಕನ ಹೆಂಡತಿ ವಿನಯದಿಂದ ಕೇಳಿದಳು, "ಅಂಕಲ್, ನೀವು ಬಿಟಿಎಂ ಕಡೆಗೂ ಬರ್ತೀರಾ? ನಮ್ಮ ಸ್ಕೂಟರ್ ತುಂಬ ಗೀರಾಗಿದೆ."

"ಇಲ್ಲಮ್ಮ," ಎಂದೆ. "ನಾನು ಮಾಡೋದು ಇದೊಂದೇ ಮನೇದು."

ಕಾರು ಆ ಯುವಕನ ಪಾಲಾದ ಮೇಲೆ ಎರಡು ಭಾನುವಾರ ನಾನು ಆ ಕಡೆ ಸುಳಿಯಲಿಲ್ಲ. ಅಕ್ಕ ಫೋನ್ ಮಾಡಿ, "ನಾನು ಹೇಳ್ಬಿಡಿ ಅಂತ ಬಡ್ಕೊಂಡೆ ಕಣೋ, ಕೇಳ್ಲಿಲ್ಲ. ಬಂದು ಜಗಳನಾದ್ರೂ ಆಡು, ಹಿಂಗೆ ಸುಮ್ನಿರ್ಬೇಡ," ಎಂದಳು. ಹೋದೆ. ಹೊಂಗೆಯ ಕೆಳಗಿನ ಜಾಗದಲ್ಲಿ ಯಾರದೋ ಸ್ಕೂಟರು ನಿಂತಿತ್ತು. ಭಾವನವರು ನನ್ನ ಹೆಜ್ಜೆಯ ಸದ್ದು ಕೇಳಿಯೇ, "ಬಾರೋ," ಎಂದರು.

ಕೂತೆ. ಹವಾಮಾನ, ನೀರಿನ ಪೂರೈಕೆ ಮೊದಲಾದ ರಾಷ್ಟ್ರೀಯ ಮಹತ್ವದ ವಿಷಯಗಳು ಚರ್ಚೆಗೆ ಬಂದುಹೋದವು. ಕೊನೆಗೆ ನಾನು ಕೇಳಿದೆ.

"ಮಾರೋದು ನಿಮ್ಮಿಷ್ಟ ಭಾವ. ಗಾಡಿ ನಿಮ್ಮದು. ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

ಅವರು ಬೆರಳುಗಳಿಂದ ಕುರ್ಚಿಯ ಕೈ ಬಡಿಯುತ್ತ ಯೋಚಿಸಿದರು.

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ."

"ನೀನು ಬೇಡ ಅಂದಿದ್ರೆ ನನ್ ಕೈಲಿ ಮಾರೋಕೆ ಆಗ್ತಿರ್ಲಿಲ್ಲ. ಅದು ಅಲ್ಲೇ ನಿಂತಿರೋದು, ನೀನು ಓಡ್ಸೋದು, ನಾನು ಪಕ್ಕದಲ್ಲಿ ಕೂತಿರೋದು... ನಂಗದು ಬೇಡ್ವಾಗಿತ್ತು ಕಣೋ."

ಇದನ್ನು ಅವರು ಸಮಾಧಾನವೆಂದೇ ಹೇಳಿದರು. ಅರ್ಥವೂ ಆಯಿತು. ಅವತ್ತು ಆ ಹುಡುಗನ ಪಕ್ಕ ಹೇಗೆ ಕೂತಿರಿ ಎಂದು ಕೇಳಬೇಕೆನಿಸಿತು. ಅವನು ಯಾರೋ, ಒಂದು ಸುತ್ತಿಗೆ ಕೂತರು, ಇಳಿದರು. ನನ್ನ ಪಕ್ಕ ಕೂತರೆ ಇಳಿಯುವಂತಿರಲಿಲ್ಲ. ಉತ್ತರ ನನಗೇ ಗೊತ್ತಿದ್ದ ಪ್ರಶ್ನೆಯಾದ್ದರಿಂದ ಬಾಯಿಬಿಡಲಿಲ್ಲ.

ಅಕ್ಕ ಕಾಫಿ ತಂದಿಟ್ಟಳು. ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದೆ. ಆ ಮನೆಯಲ್ಲಿ ಕಾಫಿ ಮುಟ್ಟದೆ ಎದ್ದದ್ದು ಅದೇ ಮೊದಲು. ಯಾವ ಕೆಲಸ ಎಂದು ಇಬ್ಬರೂ ಕೇಳಲಿಲ್ಲ.